12 ವೋಲ್ಟ್ ಇನ್ವರ್ಟರಿಗೆ ಎರಡನೆಯ ಬ್ಯಾಟರಿ: ಸರಣಿಯಲ್ಲೋ, ಸಮಾಂತರದಲ್ಲೋ?

ತೋಟದಮನೆ (ಶಿರಸಿ ತಾಲ್ಲೂಕು)

ನಮ್ಮ ಮನೆ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ, ಅಡಕೆ ತೋಟದ ಪಕ್ಕದಲ್ಲಿದೆ. ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಬಾರದಿರುವುದು ನಮಗೆ ಹೊಸತಲ್ಲ. ಮೂರು ವರ್ಷದ ಹಿಂದೆ ಕೊಂಡ 12 ವೋಲ್ಟಿನ 900 ವಿಎ ಇನ್ವರ್ಟರ್ ಮತ್ತು 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಒಂದು ಇದೆ. ಐದು ಎಲ್‌ಇಡಿ ಬಲ್ಬು, ಎರಡು ಹಳೆಯ ಫ್ಯಾನು, ಇಂಟರ್ನೆಟ್ಟಿನ ಮೋಡೆಮ್ ಸೇರಿ ಸುಮಾರು 200 ವಾಟ್ ಭಾರ. ಮೊದಲು ಆರು ಗಂಟೆ ಬರುತ್ತಿದ್ದದ್ದು ಈಗ ನಾಲ್ಕು ಗಂಟೆಯೂ ಬರುವುದಿಲ್ಲ.

ಅಂಗಡಿಯವರು ಅದೇ ಅಳತೆಯ ಹೊಸ ಬ್ಯಾಟರಿಯೊಂದನ್ನು ತಂದು ಹಳೆಯದರ ಜೊತೆ ಸರಣಿಯಲ್ಲಿ ಜೋಡಿಸಿದರೆ ಶಕ್ತಿ ಇಮ್ಮಡಿಯಾಗುತ್ತದೆ ಎನ್ನುತ್ತಾರೆ. ಪಕ್ಕದ ಮನೆಯ ಹುಡುಗ ಸಮಾಂತರದಲ್ಲಿಯೇ ಜೋಡಿಸಬೇಕು, ಇಲ್ಲದಿದ್ದರೆ ಇನ್ವರ್ಟರ್ ಸುಡುತ್ತದೆ ಎನ್ನುತ್ತಾನೆ. ಯಾರ ಮಾತು ಸರಿ, ಯಾಕೆ ಸರಿ ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕಗ್ಗತ್ತಲೆ

ಸರಣಿಯೇ ಒಳ್ಳೆಯದು. ನಮ್ಮಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿವೆ, ರಾತ್ರಿಯಿಡೀ ಫ್ಯಾನ್ ತಿರುಗುತ್ತದೆ. ವೋಲ್ಟೇಜ್ ಹೆಚ್ಚಿದ್ದರೆ ಶಕ್ತಿ ಹೆಚ್ಚು, ಅಷ್ಟೇ.

ಓಮನ ಮೊಮ್ಮಗ

ಕಗ್ಗತ್ತಲೆಯವರ ಅನುಭವ ನಿಜ, ಆದರೆ ಅವರು ಅದಕ್ಕೆ ಕೊಟ್ಟ ಕಾರಣ ನಿಜವಲ್ಲ. ಅವರ ಇನ್ವರ್ಟರ್ 24 ವೋಲ್ಟಿನದ್ದಾಗಿರಬೇಕು, ಅದಕ್ಕೇ ಸರಣಿ ಅಲ್ಲಿ ಸಲ್ಲುತ್ತದೆ. ಶಕ್ತಿಯ ಲೆಕ್ಕ ಹಾಕಿ ನೋಡೋಣ. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಇಟ್ಟರೆ 24 ವೋಲ್ಟ್, 150 ಎಎಚ್. ಸಮಾಂತರದಲ್ಲಿ ಇಟ್ಟರೆ 12 ವೋಲ್ಟ್, 300 ಎಎಚ್. ಎರಡರ ಗುಣಲಬ್ಧವೂ 3,600 ವಾಟ್-ಅವರ್, ಅಂದರೆ ಮೀಟರಿನ ಭಾಷೆಯಲ್ಲಿ 3.6 ಯೂನಿಟ್. ಬ್ಯಾಟರಿಯ ಒಳಗಿರುವ ಸೀಸವೂ ಆಮ್ಲವೂ ಅಷ್ಟೇ ಇರುವಾಗ ತಂತಿಯನ್ನು ಬೇರೆ ರೀತಿಯಲ್ಲಿ ಬಿಗಿದ ಮಾತ್ರಕ್ಕೆ ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ.

ಸರಣಿಯಲ್ಲಿ ಒಂದರ ಧನಾಗ್ರ ಇನ್ನೊಂದರ ಋಣಾಗ್ರಕ್ಕೆ ಸೇರುತ್ತದೆ. ಒಂದೇ ಪ್ರವಾಹ ಎರಡರ ಮೂಲಕವೂ ಹಾದುಹೋಗುತ್ತದೆ, ವೋಲ್ಟೇಜ್ ಕೂಡುತ್ತದೆ. ಸಮಾಂತರದಲ್ಲಿ ಧನಾಗ್ರಗಳು ಒಂದು ಕಡೆ, ಋಣಾಗ್ರಗಳು ಇನ್ನೊಂದು ಕಡೆ ಸೇರುತ್ತವೆ. ವೋಲ್ಟೇಜ್ ಇದ್ದಲ್ಲೇ ಇರುತ್ತದೆ, ಪ್ರವಾಹ ಹಂಚಿಹೋಗುತ್ತದೆ. ನಮ್ಮ ಊರುಗಳಲ್ಲಿ ಟಾರ್ಚಿಗೇ ಬ್ಯಾಟರಿ ಎನ್ನುವ ರೂಢಿಯಿದೆಯಲ್ಲ, ಆ ಮೂರು ಸೆಲ್ಲಿನ ಬ್ಯಾಟರಿಯನ್ನು ಬಿಚ್ಚಿದರೆ ಒಂದರ ಬೆನ್ನಿಗೆ ಒಂದು ಕೂತ 1.5 ವೋಲ್ಟಿನ ಮೂರು ಸೆಲ್ಲುಗಳು 4.5 ವೋಲ್ಟ್ ಕೊಡುವುದನ್ನು ಕಾಣಬಹುದು. ಟಿವಿ ರಿಮೋಟಿನಲ್ಲಿ ಮಾತ್ರ ಅನೇಕರು ಎಡವುತ್ತಾರೆ. ಅಲ್ಲಿ ಎರಡು ಸೆಲ್ಲುಗಳು ಅಕ್ಕಪಕ್ಕ, ತಲೆಕೆಳಗಾಗಿ ಮಲಗಿರುವುದರಿಂದ ನೋಡುವುದಕ್ಕೆ ಸಮಾಂತರದಂತೆ ಕಾಣುತ್ತದೆ. ಆದರೆ ಒಂದು ತುದಿಯ ತಗಡಿನ ಪಟ್ಟಿ ಒಂದರ ಧನಾಗ್ರವನ್ನು ಇನ್ನೊಂದರ ಋಣಾಗ್ರಕ್ಕೆ ಸೇರಿಸಿರುತ್ತದೆ, ಆದ್ದರಿಂದ ಅದೂ ಸರಣಿಯೇ. ಇಟ್ಟ ರೀತಿಯನ್ನಲ್ಲ, ತಂತಿ ಹೋದ ದಾರಿಯನ್ನು ನೋಡಬೇಕು.

ಆದ್ದರಿಂದ ತೋಟದಮನೆಯವರ ಪ್ರಶ್ನೆಗೆ ಮೊದಲ ಉತ್ತರವನ್ನು ಇನ್ವರ್ಟರಿನ ಹಿಂಬದಿಯ ಚೀಟಿಯೇ ಕೊಡುತ್ತದೆ. ಅದರಲ್ಲಿ 12 ವೋಲ್ಟ್ ಎಂದಿದ್ದರೆ ಸರಣಿ ಎಂಬ ಆಯ್ಕೆಯೇ ಇಲ್ಲ. ಪಕ್ಕದ ಮನೆಯ ಹುಡುಗ ಹೇಳಿದ್ದು ಸರಿ.

ತಾಮ್ರತಂತಿ

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. ಬ್ಯಾಟರಿಯಲ್ಲಿರುವ ಶಕ್ತಿ ಒಂದೇ ಎಂಬುದು ನಿಜ. ಅದು ಬಲ್ಬನ್ನು ತಲುಪುವ ಹೊತ್ತಿಗೆ ಒಂದೇ ಆಗಿರುವುದಿಲ್ಲ. 800 ವಾಟ್ ಭಾರವನ್ನು 85 ಶೇಕಡಾ ದಕ್ಷತೆಯ 12 ವೋಲ್ಟ್ ಇನ್ವರ್ಟರ್ ಹೊರಬೇಕಾದರೆ ಬ್ಯಾಟರಿಯಿಂದ ಸುಮಾರು 78 ಆಂಪಿಯರ್ ಎಳೆಯುತ್ತದೆ, 24 ವೋಲ್ಟಿನದ್ದಾದರೆ 39 ಸಾಕು. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಮೀಟರಿಗೆ ಸುಮಾರು 1.15 ಮಿಲಿಓಮ್ ರೋಧ ಹೊಂದಿರುತ್ತದೆ. ಬ್ಯಾಟರಿ ಎರಡು ಮೀಟರ್ ದೂರವಿದ್ದರೆ ಹೋಗಿಬರುವ ದಾರಿ ನಾಲ್ಕು ಮೀಟರ್, ರೋಧ 4.6 ಮಿಲಿಓಮ್. 78 ಆಂಪಿಯರಿಗೆ ಈ ಕೇಬಲ್ಲಿನಲ್ಲೇ 28 ವಾಟ್ ಬಿಸಿಯಾಗಿ ಹೋಗುತ್ತದೆ, 39 ಆಂಪಿಯರಿಗೆ 7 ವಾಟ್ ಮಾತ್ರ. ಪ್ರವಾಹ ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಇನ್ವರ್ಟರುಗಳು 24, 36, 48 ವೋಲ್ಟಿಗೆ ಹೋಗುವುದು ಇದೇ ಕಾರಣಕ್ಕೆ. 200 ವಾಟಿನ ಭಾರಕ್ಕೆ ಈ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ, ಹಾಗಾಗಿ ಶಿರಸಿಯವರು ಅದಕ್ಕೋಸ್ಕರ ಇನ್ವರ್ಟರ್ ಬದಲಿಸಬೇಕಾಗಿಲ್ಲ.

ಹಳೆಯ ಎಕ್ಸ್‌ಚೇಂಜ್

ನಾನು ದೂರವಾಣಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ವಿನಿಮಯ ಕೇಂದ್ರದ ಬ್ಯಾಟರಿ ಕೋಣೆಯಲ್ಲಿ 2 ವೋಲ್ಟಿನ 24 ಸೆಲ್ಲುಗಳು ಸರಣಿಯಲ್ಲಿ ನಿಂತು 48 ವೋಲ್ಟ್ ಕೊಡುತ್ತಿದ್ದವು. ಅಲ್ಲಿ ಧನಾಗ್ರವನ್ನು ಭೂಮಿಗೆ ಕಟ್ಟುವುದು ರೂಢಿ, ಹೊಸಬರಿಗೆ ಅದೇ ಮೊದಲ ಗೊಂದಲ.

ಸರಣಿಯ ಸ್ವಭಾವವನ್ನು ನಾನು ಕಲಿತದ್ದು ಆ ಕೋಣೆಯಲ್ಲಿ. ಚಾರ್ಜರ್ ನೋಡುವುದು ಇಡೀ ಸಾಲಿನ ಒಟ್ಟು ವೋಲ್ಟೇಜನ್ನು ಮಾತ್ರ. ಒಟ್ಟು 52 ಎಂದು ಮೀಟರ್ ತೋರಿಸುತ್ತಿದ್ದರೆ ಎಲ್ಲವೂ ಸರಿ ಎಂದು ಭಾವಿಸಿ ಬಾಗಿಲು ಹಾಕಿಕೊಂಡು ಹೋಗಬಹುದು. ಆದರೆ ಒಂದೊಂದೇ ಸೆಲ್ಲಿಗೆ ಮೀಟರಿನ ಕಡ್ಡಿ ಮುಟ್ಟಿಸುತ್ತ ಹೋದರೆ ಹನ್ನೊಂದನೆಯದು 1.9, ಅದರ ನೆರೆಯವು 2.2 ಎಂದು ಸಿಗುತ್ತಿತ್ತು. ಅದಕ್ಕಾಗಿಯೇ ಪ್ರತಿ ಸೆಲ್ಲಿನ ವೋಲ್ಟೇಜು, ಆಮ್ಲದ ಸಾಂದ್ರತೆಗಳನ್ನು ಬರೆದಿಡುವ ದಪ್ಪನೆಯ ಪುಸ್ತಕವೊಂದಿತ್ತು.

ಒಮ್ಮೆ ಮಳೆಗಾಲದಲ್ಲಿ ಜನರೇಟರ್ ಕೈಕೊಟ್ಟು ಬ್ಯಾಟರಿಗಳು ಬೆಳಗಿನ ಜಾವದವರೆಗೆ ಒಂಟಿಯಾಗಿ ಭಾರ ಹೊತ್ತವು. ಬಡಕಲು ಸೆಲ್ ಒಂದು ಎಲ್ಲಕ್ಕಿಂತ ಮೊದಲು ಬರಿದಾಯಿತು. ಆದರೆ ಉಳಿದ ಇಪ್ಪತ್ತಮೂರು ಸೆಲ್ಲುಗಳು ತಮ್ಮ ಪ್ರವಾಹವನ್ನು ಅದರ ಮೂಲಕವೇ ತಳ್ಳಬೇಕಲ್ಲವೇ? ಮುಳ್ಳಿನ ಮೀಟರನ್ನು ಅದಕ್ಕೆ ಹಿಡಿದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲದೆ ಎಡಕ್ಕೆ, ಉಲ್ಟಾ ದಿಕ್ಕಿಗೆ ಬಾಗಿ ತುದಿಗೆ ತಾಗಿಕೊಂಡಿತು. ಆ ಸೆಲ್ ಉಲ್ಟಾ ಚಾರ್ಜ್ ಆಗುತ್ತಿತ್ತು. ಮರುದಿನ ಚಾರ್ಜ್ ಮಾಡಿದರೂ ಅದು ಮೊದಲಿನಂತಾಗಲಿಲ್ಲ. ನಿಮ್ಮ ಮನೆಯ 12 ವೋಲ್ಟ್ ಬ್ಯಾಟರಿ ಎಂದರೂ ಒಳಗೆ ಆರು ಸೆಲ್ಲುಗಳ ಸರಣಿಯೇ, ಹಾಗಾಗಿ ಈ ಕತೆ ಅದರೊಳಗೂ ನಡೆಯುತ್ತದೆ. ಹಳೆಯದನ್ನೂ ಹೊಸದನ್ನೂ ಸರಣಿಯಲ್ಲಿ ಕೂಡಿಸಬೇಡಿ ಎನ್ನುವುದು ಇದಕ್ಕಾಗಿ. ಚಾರ್ಜ್ ಮಾಡುವಾಗ ಒಟ್ಟು 28.8 ವೋಲ್ಟ್ ಇದ್ದರೆ ಒಂದಕ್ಕೆ 15.2, ಇನ್ನೊಂದಕ್ಕೆ 13.6 ಬೀಳಬಹುದು. ಮೊದಲನೆಯದು ಕುದಿದು ನೀರು ಕಳೆದುಕೊಳ್ಳುತ್ತದೆ, ಎರಡನೆಯದು ಎಂದೂ ತುಂಬುವುದಿಲ್ಲ.

ಎಂಟನೇ ತರಗತಿ

ನಾನು ವಿಜ್ಞಾನದ ಮೇಷ್ಟರು. ವೋಲ್ಟಾ 1800ರಲ್ಲಿ ಲೋಕಕ್ಕೆ ತಿಳಿಸಿದ ಮೊದಲ ವಿದ್ಯುತ್ ರಾಶಿಯೂ ಸರಣಿಯೇ. ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆದ ರಟ್ಟನ್ನಿಟ್ಟು ಒಂದರ ಮೇಲೊಂದು ಪೇರಿಸಿದ್ದ. ಮಕ್ಕಳು ನಿಂಬೆಹಣ್ಣಿಗೆ ತಾಮ್ರ, ಸತು ಚುಚ್ಚಿ ಇದನ್ನೇ ಮಾಡುತ್ತಾರೆ. ನಾಲ್ಕು ನಿಂಬೆಹಣ್ಣು ಸರಣಿಯಲ್ಲಿಟ್ಟರೆ ಕೆಂಪು ಎಲ್‌ಇಡಿ ಮಿಣುಕುತ್ತದೆ, ನಾಲ್ಕನ್ನೂ ಸಮಾಂತರದಲ್ಲಿಟ್ಟರೆ ಕತ್ತಲೆಯೇ. ಎಲ್‌ಇಡಿ ಹೊತ್ತಿಕೊಳ್ಳಲು ಬೇಕಾದ ವೋಲ್ಟೇಜ್ ಒಂದು ನಿಂಬೆಹಣ್ಣಿನಿಂದ ಬರುವುದಿಲ್ಲ.

ಘಾಟಿ ಲಾರಿ

ನಮ್ಮ ಲಾರಿಯಲ್ಲಿ ಎರಡು ಬ್ಯಾಟರಿಗಳು ಸರಣಿಯಲ್ಲಿದ್ದು 24 ವೋಲ್ಟ್ ಆಗಿದೆ. ಹಾಡಿನ ಸೆಟ್ಟಿಗೆ 12 ವೋಲ್ಟ್ ಬೇಕಾದ್ದರಿಂದ ಒಂದೇ ಬ್ಯಾಟರಿಯಿಂದ ತಂತಿ ಎಳೆದಿದ್ದೇವೆ. ವರ್ಷಕ್ಕೊಮ್ಮೆ ಒಂದು ಬ್ಯಾಟರಿ ಹೋಗುತ್ತದೆ. ಇದಕ್ಕೂ ಈ ಚರ್ಚೆಗೂ ಸಂಬಂಧವಿದೆಯೇ?

ಓಮನ ಮೊಮ್ಮಗ

ನೇರ ಸಂಬಂಧವಿದೆ. ಸೆಟ್ಟು ಎಳೆಯುವುದು ಕೆಳಗಿನ ಬ್ಯಾಟರಿಯಿಂದ ಮಾತ್ರ, ಆದರೆ ಆಲ್ಟರ್ನೇಟರ್ ಎರಡಕ್ಕೂ ಒಂದೇ ಪ್ರವಾಹ ಕೊಡುತ್ತದೆ. ಕೆಳಗಿನದು ದಿನವೂ ಸ್ವಲ್ಪ ಹಸಿದೇ ಉಳಿಯುತ್ತದೆ, ಮೇಲಿನದು ದಿನವೂ ಅತಿಯಾಗಿ ತಿನ್ನುತ್ತದೆ. 24ರಿಂದ 12ಕ್ಕೆ ಇಳಿಸುವ ಪರಿವರ್ತಕವನ್ನು ಹಾಕಿ, ಅದು ಎರಡರಿಂದಲೂ ಸಮನಾಗಿ ತೆಗೆದುಕೊಳ್ಳುತ್ತದೆ. ಒಂದು ಬ್ಯಾಟರಿಯ ಬೆಲೆಗಿಂತ ಅದು ಬಹಳ ಅಗ್ಗ.

ತೋಟದಮನೆ (ಶಿರಸಿ ತಾಲ್ಲೂಕು)

ಎಲ್ಲರಿಗೂ ಧನ್ಯವಾದ. ಸರಣಿ ನಮ್ಮ ಇನ್ವರ್ಟರಿಗೆ ಸಲ್ಲದು ಎಂಬುದು ಮನದಟ್ಟಾಯಿತು. ಹಾಗಿದ್ದರೆ ಸಮಾಂತರದಲ್ಲಿ ಹಳೆಯದಕ್ಕೆ ಹೊಸದನ್ನು ಸೇರಿಸಬಹುದೇ? ಅಲ್ಲಿ ಒಂದೇ ಪ್ರವಾಹ ಎರಡರಲ್ಲೂ ಹಾಯಬೇಕೆಂಬ ಕಟ್ಟುಪಾಡಿಲ್ಲವಲ್ಲ.

ಕಗ್ಗತ್ತಲೆ

ಸೇರಿಸಬಹುದು ಎಂದೇ ನನ್ನ ಅಭಿಪ್ರಾಯ. ಎರಡರ ವೋಲ್ಟೇಜೂ ಒಂದೇ ಆಗಿರುವುದರಿಂದ ಶಕ್ತಿಯಿದ್ದದ್ದು ಹೆಚ್ಚು ಕೊಡುತ್ತದೆ, ಶಕ್ತಿಯಿಲ್ಲದ್ದು ಕಡಿಮೆ ಕೊಡುತ್ತದೆ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದಂತೆ, ಗಾಡಿ ಸಾಗುತ್ತದೆ.

ಹಳೆಯ ಎಕ್ಸ್‌ಚೇಂಜ್

ಕಗ್ಗತ್ತಲೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯದು ಬರಿ ಸವೆದಿದ್ದು ಸಾಮರ್ಥ್ಯ ಕುಗ್ಗಿದ್ದರೆ ಸಮಾಂತರದಲ್ಲಿ ಅದು ತನ್ನ ಪಾಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಸರಣಿಯಲ್ಲಿ ಆಗುವಷ್ಟು ಹಾನಿ ಇಲ್ಲಿ ಆಗುವುದಿಲ್ಲ. ಆದರೆ ಹಳೆಯ ಬ್ಯಾಟರಿಯ ಒಂದು ಸೆಲ್ಲಿನ ಒಳಗೆ ಫಲಕಗಳು ತಾಗಿ ಶಾರ್ಟ್ ಆದರೆ ಮುದಿ ಎತ್ತು ಹೋರಿಯನ್ನೂ ಕೆರೆಗೆ ಎಳೆಯುತ್ತದೆ. ಆರು ಸೆಲ್ಲಿನಲ್ಲಿ ಒಂದು ಹೋದರೆ ಉಳಿಯುವುದು ಐದು, ಅಂದರೆ ಸುಮಾರು 10.5 ವೋಲ್ಟ್. ಪಕ್ಕದಲ್ಲಿರುವ 12.6 ವೋಲ್ಟಿನ ಹೊಸ ಬ್ಯಾಟರಿ ಹಗಲೂ ರಾತ್ರಿ ಅದರೊಳಕ್ಕೆ ಸುರಿಯುತ್ತಿರುತ್ತದೆ. ಚಾರ್ಜರ್ 13.7 ವೋಲ್ಟಿನಲ್ಲಿ ನಿಂತರೂ ಆ ಐದು ಸೆಲ್ಲುಗಳ ಪಾಲಿಗೆ ತಲಾ 2.74 ವೋಲ್ಟ್ ಬೀಳುತ್ತದೆ. ಸೆಲ್ಲಿಗೆ 2.4 ದಾಟಿದರೆ ಗುಳ್ಳೆ ಏಳತೊಡಗುತ್ತದೆ, 2.74 ಎಂದರೆ ಕುದಿಯುವುದೆಂದೇ ಅರ್ಥ. ಇದು ಮನೆಯವರು ಮಲಗಿರುವಾಗ ನಡೆಯುವ ಸಂಗತಿ.

ಆದ್ದರಿಂದ ಸಮಾಂತರದಲ್ಲಿ ಪ್ರತಿ ಬ್ಯಾಟರಿಗೂ ಅದರದ್ದೇ ಫ್ಯೂಸ್ ಇರಬೇಕು. ಇಂತಹ ನಿಧಾನದ ಸೋರಿಕೆಯನ್ನು ಫ್ಯೂಸ್ ತಡೆಯಲಾರದು, ದೊಡ್ಡ ಅವಘಡವನ್ನು ತಡೆಯುತ್ತದೆ. ಹಳೆಯದನ್ನು ಸೇರಿಸುವ ಮೊದಲು ಆಮ್ಲದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್ ಅಳೆದು ಅಂಕಿಗಳನ್ನು ಇಲ್ಲಿ ಬರೆಯಿರಿ.

ಪೀಣ್ಯದ ಪ್ಯಾಕು

ನಾನು ವಿದ್ಯುತ್ ಸ್ಕೂಟರಿನ ಬ್ಯಾಟರಿ ಜೋಡಿಸುವ ಕೆಲಸದಲ್ಲಿದ್ದೇನೆ. ಲಿಥಿಯಂನಲ್ಲಿ ಇದೇ ಪ್ರಶ್ನೆ ಇನ್ನೂ ಕಠಿಣವಾಗಿ ಎದುರಾಗುತ್ತದೆ, ಯಾಕೆಂದರೆ ಸೀಸದ ಬ್ಯಾಟರಿ ಅತಿ ಚಾರ್ಜನ್ನು ಗುಳ್ಳೆಯಾಗಿ ಹೊರಹಾಕಿ ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತದೆ, ಲಿಥಿಯಂ ಸಹಿಸುವುದಿಲ್ಲ. ನಾವು ಮೊದಲು ಸಮಾಂತರ, ಆಮೇಲೆ ಸರಣಿ ಮಾಡುತ್ತೇವೆ. 3.6 ವೋಲ್ಟ್, 2.5 ಎಎಚ್‌ನ ಹತ್ತು ಸೆಲ್ಲುಗಳನ್ನು ಸಮಾಂತರದಲ್ಲಿ ಬೆಸುಗೆ ಹಾಕಿದರೆ ಅವು 25 ಎಎಚ್‌ನ ಒಂದೇ ದೊಡ್ಡ ಸೆಲ್ಲಿನಂತೆ ವರ್ತಿಸುತ್ತವೆ. ಅಂತಹ ಹದಿನಾಲ್ಕು ಗುಂಪುಗಳನ್ನು ಸರಣಿಯಲ್ಲಿಟ್ಟರೆ 50.4 ವೋಲ್ಟ್, ತುಂಬಿದಾಗ 58.8. ಒಟ್ಟು 140 ಸೆಲ್ಲುಗಳಿದ್ದರೂ ಕಾವಲಿನ ಬೋರ್ಡು ಹದಿನಾಲ್ಕು ಗುಂಪುಗಳ ವೋಲ್ಟೇಜನ್ನಷ್ಟೇ ನೋಡಿದರೆ ಸಾಕು. ಇದನ್ನೇ ತಿರುಗಿಸಿ, ಹದಿನಾಲ್ಕರ ಹತ್ತು ಸಾಲುಗಳನ್ನು ಮಾಡಿ ತುದಿಯಲ್ಲಿ ಮಾತ್ರ ಕೂಡಿಸಿದರೆ 140 ಕಡೆ ಅಳೆಯಬೇಕಾಗುತ್ತದೆ.

ಅಂಗಡಿಯಲ್ಲಿ ಸಿಗುವ 12.8 ವೋಲ್ಟಿನ ಲಿಥಿಯಂ ಫಾಸ್ಫೇಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಹಾಕುವವರು ಒಂದು ವಿಷಯ ಗಮನಿಸಬೇಕು. ಒಳಗಿನ ಬೋರ್ಡಿನ ಸ್ವಿಚ್ಚುಗಳು ಎಷ್ಟು ವೋಲ್ಟೇಜನ್ನು ತಡೆಯಬಲ್ಲವು ಎಂಬುದರ ಮೇಲೆ ಎಷ್ಟನ್ನು ಸರಣಿಯಲ್ಲಿಡಬಹುದು ಎಂಬುದು ನಿಂತಿದೆ. ಕೈಪಿಡಿಯಲ್ಲಿ ಬರೆದಿರದಿದ್ದರೆ ಸರಣಿ ಬೇಡ.

ತಾಮ್ರತಂತಿ

ಸಮಾಂತರ ಎಂದು ನಿರ್ಧಾರವಾದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ, ಅದನ್ನು ಬಹುಪಾಲು ಎಲೆಕ್ಟ್ರಿಷಿಯನ್ನರು ಗಮನಿಸುವುದಿಲ್ಲ. ಇನ್ವರ್ಟರಿನ ಎರಡೂ ತಂತಿಗಳನ್ನು ಮೊದಲ ಬ್ಯಾಟರಿಗೇ ಬಿಗಿದು, ಅಲ್ಲಿಂದ ಎರಡು ತುಂಡು ತಂತಿಗಳಲ್ಲಿ ಎರಡನೆಯದಕ್ಕೆ ಸೇತುವೆ ಹಾಕುತ್ತಾರೆ. ಪ್ರತಿ ಬ್ಯಾಟರಿಯ ಆಂತರಿಕ ರೋಧ 5 ಮಿಲಿಓಮ್, ಪ್ರತಿ ತುಂಡು ತಂತಿಯದು ಬೋಲ್ಟೂ ಸೇರಿ ಅರ್ಧ ಮಿಲಿಓಮ್ ಎಂದುಕೊಳ್ಳಿ. ಮೊದಲನೆಯದರ ದಾರಿ 5, ಎರಡನೆಯದರ ದಾರಿ 6 ಮಿಲಿಓಮ್. ಪ್ರವಾಹ 6ಕ್ಕೆ 5ರಂತೆ ಹಂಚಿಹೋಗುತ್ತದೆ: 21 ಆಂಪಿಯರ್ ಎಳೆದರೆ ಒಂದು 11.5, ಇನ್ನೊಂದು 9.5. ಹೆಚ್ಚು ಕೊಟ್ಟದ್ದರ ವೋಲ್ಟೇಜ್ ಇಳಿಯುತ್ತ ಬಂದಂತೆ ಇನ್ನೊಂದು ಭಾರ ಹೊರತೊಡಗುವುದರಿಂದ ಈ ವ್ಯತ್ಯಾಸ ಕ್ರಮೇಣ ತಗ್ಗುತ್ತದೆ. ಆದರೂ ಪ್ರತಿದಿನ, ಪ್ರತಿ ಸಲ ಮೊದಲ ಬ್ಯಾಟರಿಯೇ ಮುಂದೆ ಓಡಬೇಕು. ಧನ ತಂತಿಯನ್ನು ಮೊದಲನೆಯದರಿಂದ, ಋಣ ತಂತಿಯನ್ನು ಎರಡನೆಯದರಿಂದ, ಮೂಲೆಯಿಂದ ಮೂಲೆಗೆ ತೆಗೆದರೆ ಇಬ್ಬರ ದಾರಿಯಲ್ಲೂ ಒಂದೊಂದು ತುಂಡು ತಂತಿ ಬರುತ್ತದೆ, ಎರಡೂ 5.5 ಆಗುತ್ತವೆ. ಖರ್ಚು ಸೊನ್ನೆ, ಒಂದು ಬೋಲ್ಟ್ ಬಿಚ್ಚಿ ಇನ್ನೊಂದು ಕಡೆ ಬಿಗಿಯುವ ಕೆಲಸ ಅಷ್ಟೇ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ನಿಮ್ಮ ಇನ್ವರ್ಟರ್ ಎಷ್ಟು ಆಂಪಿಯರಿನಲ್ಲಿ ಚಾರ್ಜ್ ಮಾಡುತ್ತದೆ? 150 ಎಎಚ್‌ಗೆ 15 ಆಂಪಿಯರ್ ಎಂಬುದು ರೂಢಿಯ ಅಳತೆ. ಸಮಾಂತರದ ಎರಡಕ್ಕೆ ಅದೇ 15 ಹಂಚಿಹೋದರೆ, ಚೆನ್ನಾಗಿ ಬರಿದಾದ ಜೋಡಿ ತುಂಬಲು ಇಪ್ಪತ್ತು ಗಂಟೆಯ ಆಸುಪಾಸು ಬೇಕು. ಮಳೆಗಾಲದಲ್ಲಿ ನಿಮ್ಮ ಊರಿಗೆ ಒಮ್ಮೆಗೇ ಇಪ್ಪತ್ತು ಗಂಟೆ ಕರೆಂಟ್ ಇರುತ್ತದೆಯೇ? ಅರ್ಧ ತುಂಬಿ ಅರ್ಧ ಬಿಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಈ ಒಂದು ಕಾರಣಕ್ಕೆ ಮಾತ್ರ 24 ವೋಲ್ಟಿನ ಪರವಾಗಿ ವಾದಿಸಬಹುದು. ಅಲ್ಲಿ ಅದೇ 15 ಆಂಪಿಯರ್ ಎರಡರ ಮೂಲಕವೂ ಹಾಯುತ್ತದೆ, ಹಾಗೆಂದು ಗೋಡೆಯಿಂದ ಎಳೆಯುವ ವಾಟು ಎರಡರಷ್ಟಾಗುತ್ತದೆ.

ಬೆಳ್ಳಿ ಬೋಲ್ಟು

ಜೋಡಿಸುವ ಮೊದಲು ನನ್ನ ತಪ್ಪನ್ನೂ ಕೇಳಿ. ಬಣ್ಣ ಮಾಸಿದ ಕೆಂಪು ಕೇಬಲ್ಲನ್ನು ಟಾರ್ಚಿನ ಬೆಳಕಿನಲ್ಲಿ ಕಪ್ಪೆಂದು ಭಾವಿಸಿ ಸಮಾಂತರದ ಕೊನೆಯ ಜೋಡಣೆಯನ್ನು ಅದಲುಬದಲು ಮಾಡಿದೆ. ಹಾಗೆ ಮಾಡಿದಾಗ ಎರಡು ಬ್ಯಾಟರಿಗಳು ಸರಣಿಯಾಗಿ ತಮ್ಮ ಮೇಲೆ ತಾವೇ ಶಾರ್ಟ್ ಆಗುತ್ತವೆ. 25 ವೋಲ್ಟನ್ನು ತಡೆಯಲು ಹತ್ತು ಹನ್ನೊಂದು ಮಿಲಿಓಮ್ ಬಿಟ್ಟರೆ ಬೇರೇನೂ ಇರಲಿಲ್ಲ, ಲೆಕ್ಕದ ಪ್ರಕಾರ ಎರಡು ಸಾವಿರ ಆಂಪಿಯರ್. ಲಗ್ ತಾಗಿದ ಕ್ಷಣ ಕಣ್ಣು ಕೋರೈಸಿತು, ಟರ್ಮಿನಲ್ಲಿನ ಸೀಸ ಮೇಣದಂತೆ ಕರಗಿ ತೊಟ್ಟಿಕ್ಕಿತು, ಅಂಗಿಯ ತೋಳಿನಲ್ಲಿ ಬಟಾಣಿ ಗಾತ್ರದ ತೂತು ಬಿತ್ತು. ಆಗತಾನೆ ಚಾರ್ಜ್ ಮುಗಿದ ಬ್ಯಾಟರಿಯಾಗಿದ್ದರೆ ಸುತ್ತ ನಿಂತ ಹೈಡ್ರೋಜನ್ ಹೊತ್ತಿಕೊಳ್ಳುತ್ತಿತ್ತು.

ಅಂದಿನಿಂದ ಕೊನೆಯ ತಂತಿ ಬಿಗಿಯುವ ಮೊದಲು, ಆ ತಂತಿಯ ತುದಿಗೂ ಅದು ಸೇರಬೇಕಾದ ಟರ್ಮಿನಲ್ಲಿಗೂ ನಡುವೆ ಮೀಟರ್ ಹಿಡಿಯುತ್ತೇನೆ. ಸೊನ್ನೆಯ ಹತ್ತಿರ ತೋರಿಸಿದರೆ ಬಿಗಿಯಬಹುದು. 25 ತೋರಿಸಿದರೆ ಅದಲುಬದಲಾಗಿದೆ. ಅರ್ಧ ವೋಲ್ಟ್ ತೋರಿಸಿದರೆ ಒಂದು ತುಂಬಿಲ್ಲ ಎಂದರ್ಥ. ಹಾಗೆಯೇ ಸೇರಿಸಿದರೆ ಮೊದಲ ಕ್ಷಣ 50 ಆಂಪಿಯರಿನಷ್ಟು ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಆಮೇಲೆ ಕೂಡಿಸಬೇಕು. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತುವುದನ್ನೂ ಉಂಗುರ ಕಳಚಿಡುವುದನ್ನೂ ಮರೆಯಬೇಡಿ.

ತೋಟದಮನೆ (ಶಿರಸಿ ತಾಲ್ಲೂಕು)

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಹಳೆಯ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟು ಅಳೆದೆ. ವೋಲ್ಟೇಜ್ 12.4. ಹೈಡ್ರೋಮೀಟರಿನಲ್ಲಿ ಧನಾಗ್ರದ ಕಡೆಯಿಂದ 1215, 1210, 1215, 1210, 1150, 1210. ತುಂಬಿದ ಟ್ಯೂಬುಲರಿನಲ್ಲಿ 1240 ಇರಬೇಕಂತೆ. ಐದನೆಯ ಸೆಲ್ಲಿನ ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಹಳೆಯ ಎಕ್ಸ್‌ಚೇಂಜ್

ಐದನೆಯದು ಹೊರಡುವ ಸಿದ್ಧತೆಯಲ್ಲಿದೆ. ಇದನ್ನು ಯಾವುದರ ಜೊತೆಗೂ, ಯಾವ ರೀತಿಯಲ್ಲೂ ಸೇರಿಸಬೇಡಿ.

ತೋಟದಮನೆ (ಶಿರಸಿ ತಾಲ್ಲೂಕು)

ಸೇರಿಸಲಿಲ್ಲ. ಅದನ್ನು ಕೊಟ್ಟಿಗೆಗೆ ಒಯ್ದು ಸಣ್ಣ ಸೌರ ಫಲಕವೊಂದಕ್ಕೆ ಒಂಟಿಯಾಗಿ ಕಟ್ಟಿದ್ದೇನೆ, ಒಂದು ಬಲ್ಬಿಗೆ ಸಾಕು. ಮನೆಗೆ ಒಂದೇ ತಿಂಗಳಲ್ಲಿ ತಯಾರಾದ, ಒಂದೇ ಮಾದರಿಯ ಎರಡು 150 ಎಎಚ್ ಬ್ಯಾಟರಿ ತಂದೆ. ನಮ್ಮ ಇನ್ವರ್ಟರಿನ ಹಿಂದೆ ಚಾರ್ಜಿನ ಪ್ರವಾಹವನ್ನು ಹೆಚ್ಚಿಸುವ ಗುಂಡಿಯಿದೆ, 20 ಆಂಪಿಯರಿನವರೆಗೆ ಹೋಗುತ್ತದೆ. ತಾಮ್ರತಂತಿಯವರ ಇಪ್ಪತ್ತು ಗಂಟೆ ಅದರಿಂದ ಹದಿನೈದು ಹದಿನಾರಕ್ಕೆ ಇಳಿಯಬಹುದು. ಎರಡನ್ನೂ ಬೇರೆ ಬೇರೆಯಾಗಿ ಚಾರ್ಜ್ ಮಾಡಿ, ಪ್ರತಿಯೊಂದಕ್ಕೂ ಫ್ಯೂಸ್ ಹಾಕಿ, ಕೊನೆಯ ತಂತಿಗೆ ಮೀಟರ್ ಹಿಡಿದೆ: 0.03 ವೋಲ್ಟ್.

ಎಲೆಕ್ಟ್ರಿಷಿಯನ್ ಎರಡೂ ತಂತಿಗಳನ್ನು ಮೊದಲ ಬ್ಯಾಟರಿಗೇ ಬಿಗಿದು ಹೊರಟಿದ್ದರು. ಅವರ ಬಳಿಯಿದ್ದ ನೇರ ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರನ್ನು ಕೇಳಿ ಪಡೆದು, ಫ್ಯಾನು ಬಲ್ಬು ಎಲ್ಲ ಹಾಕಿ ನೋಡಿದರೆ ಮೊದಲನೆಯದರಲ್ಲಿ 11.8, ಎರಡನೆಯದರಲ್ಲಿ 9.3 ಬಂತು. ಋಣ ತಂತಿಯನ್ನು ಬಿಚ್ಚಿ ಎರಡನೆಯದಕ್ಕೆ ಬಿಗಿಸಿದ ಮೇಲೆ 10.7 ಮತ್ತು 10.4. ಎಲೆಕ್ಟ್ರಿಷಿಯನ್ ಮೀಟರನ್ನು ಒಮ್ಮೆ ಆರಿಸಿ, ಮತ್ತೆ ಹಾಕಿ, ತಾವೇ ಇನ್ನೊಮ್ಮೆ ಅಳೆದು ನೋಡಿದರು. ಆಮೇಲೆ ಕಳೆದ ವಾರ ಪಕ್ಕದ ಊರಿನಲ್ಲಿ ಇದೇ ರೀತಿ ಜೋಡಿಸಿದ ಮನೆಗೆ ಫೋನ್ ಮಾಡಿ, ನಾಳೆ ಒಂದು ಬೋಲ್ಟ್ ಬದಲಿಸಲು ಬರುತ್ತೇನೆ ಎಂದರು.